ಬಚ್ಚಲು ಮನೆಯ ಲೆಕ್ಕ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ಮೂರನೆಯ ಮಾತೊಂದನ್ನು ಹೇಳದೆ ಬಿಟ್ಟರು. ಕಟ್ಟಿದ ಮನೆಯ ಬಚ್ಚಲನ್ನು ಒಡೆದು ಮತ್ತೆ ಕಟ್ಟಿಸುವ ಪ್ರಸಂಗ ಅವರಿಗೆ ಹೆಚ್ಚಾಗಿ ಬರುತ್ತಿರಲಿಲ್ಲವೆಂದು ತೋರುತ್ತದೆ. ಚಿಂತಾಮಣಿ, ಶಿಡ್ಲಘಟ್ಟಗಳ ಹಳೆಯ ಮನೆಗಳಲ್ಲಿ ಬಚ್ಚಲೆಂದರೆ ಹಿತ್ತಿಲ ಕಡೆಯ ಒಂದು ಮೂಲೆ. ಕಾಲಿನಡಿಗೆ ಒರಟು ಕಲ್ಲುಚಪ್ಪಡಿ, ಗೋಡೆಯ ಪಕ್ಕಕ್ಕೆ ಮಣ್ಣಿನ ಒಲೆಯ ಮೇಲೆ ಕೂರಿಸಿದ ತಾಮ್ರದ ಹಂಡೆ, ಒಲೆಗೆ ಹಿಪ್ಪುನೇರಳೆಯ ಒಣಕಡ್ಡಿ. ಮಿಂದ ನೀರು ಗೋಡೆಯ ತೂತಿನಿಂದ ಹೊರಬಿದ್ದು ಬಾಳೆಯ ಬುಡವನ್ನೋ ಕರಿಬೇವಿನ ಪಾತಿಯನ್ನೋ ಸೇರುತ್ತಿತ್ತು. ಚಪ್ಪಡಿಯ ಸಂದಿನಲ್ಲಿ ನೀರು ಇಂಗಿದರೆ ಯಾರಿಗೂ ನಷ್ಟವಿರಲಿಲ್ಲ, ಕೆಳಗಿದ್ದುದು ಭೂಮಿ.

ಇಂದು ಬಚ್ಚಲು ಮನೆಯೊಳಕ್ಕೆ ಬಂದಿದೆ, ಮಲಗುವ ಕೋಣೆಗೆ ಅಂಟಿಕೊಂಡಿದೆ, ಮಹಡಿಯನ್ನೂ ಏರಿದೆ. ಅದರ ಕೆಳಗೆ ಈಗ ಇರುವುದು ಅಡಿಗೆಮನೆಯ ತಾರಸಿ. ಮೇಲೆ ಸ್ನಾನ ನಡೆದರೆ ಕೆಳಗೆ ಒಗ್ಗರಣೆ ಹಾಕುವವರ ತಲೆಯ ಮೇಲೆ ಹನಿ ಬೀಳುತ್ತದೆ. ಸುಣ್ಣ ಬಳಿದ ಗೋಡೆ ಉಬ್ಬಿ ಹೊಪ್ಪಳೆ ಏಳುತ್ತದೆ. ಆಗ ಮನೆಯವರು ಮೇಸ್ತ್ರಿಯನ್ನು ಕರೆಸುತ್ತಾರೆ. ಬಂದವನು ಚಪ್ಪಲಿ ಬಿಡುವುದಕ್ಕೆ ಮೊದಲೇ ಎದುರಾಗುವ ಪ್ರಶ್ನೆ ಒಂದೇ: “ಒಟ್ಟು ಎಷ್ಟಾಗುತ್ತೆ, ಮೇಸ್ತ್ರಿ? ಒಂದು ಮಾತು ಹೇಳಿಬಿಡಿ.”

ಈ ಪ್ರಶ್ನೆಗೆ ನಿಂತ ನಿಲುವಿನಲ್ಲಿಯೇ ಉತ್ತರ ಕೊಡುವ ಮೇಸ್ತ್ರಿಯ ವಿಷಯದಲ್ಲಿ ಗೃಹಸ್ಥರು ಎಚ್ಚರದಿಂದಿರುವುದು ಒಳ್ಳೆಯದು. “ಒಡೆದು ನೋಡದೆ ಹೇಗೆ ಹೇಳಲಮ್ಮಾ?” ಎನ್ನುವವನನ್ನು ಕೆಲಸ ಬಾರದವನೆಂದು ಕಳುಹಿಸಿಬಿಡುವುದು ನಮ್ಮ ಊರುಗಳಲ್ಲಿ ವಾಡಿಕೆ. ವಾಸ್ತವವಾಗಿ ಅವನೇ ಕಸುಬು ಬಲ್ಲವನು.

ಕಣ್ಣಿಗೆ ಕಾಣದ ಮಾಲು

ಚಿಂತಾಮಣಿ ವ್ಯಾಪಾರದ ಊರು. ಅಲ್ಲಿಯ ಕೃಷಿ ಮಾರುಕಟ್ಟೆಯ ಪ್ರಾಂಗಣದಲ್ಲಿ ಟೊಮೆಟೊ ಅಥವಾ ಹುಣಸೆಹಣ್ಣು ಹರಾಜಾಗುವಾಗ ಮಾಲು ಎಲ್ಲರ ಕಣ್ಣೆದುರಿಗಿರುತ್ತದೆ. ಕೈಯಲ್ಲಿ ಹಿಡಿದು, ಹಿಚುಕಿ, ಮೂಸಿ ನೋಡಿ ಬೆಲೆ ಕೂಗಬಹುದು. ಇಂತಹ ಊರಿನ ಜನರಿಗೆ ಚೌಕಾಶಿ ರಕ್ತಗತವಾಗಿ ಬಂದ ವಿದ್ಯೆ. ಆದರೆ ಬಚ್ಚಲು ಮನೆಯ ಕೆಲಸದಲ್ಲಿ ಈ ವಿದ್ಯೆ ಕೈಕೊಡುತ್ತದೆ. ಇಲ್ಲಿ ಮಾಲಿನ ಮುಖ್ಯಭಾಗ ನೆಲದ ಅಡಿಯಲ್ಲಿ, ಗೋಡೆಯ ಒಳಗೆ ಇರುತ್ತದೆ. ಟೈಲ್ಸಿನ ಬಣ್ಣ, ನಲ್ಲಿಯ ಹೊಳಪು, ಕಮೋಡಿನ ಆಕಾರ ಇವು ಮಾತ್ರ ಕಣ್ಣಿಗೆ ಬೀಳುವಂತಹವು. ನೀರು ಸೋರದಂತೆ ಬಳಿದ ಲೇಪ, ಕೊಳವೆಯ ಕೀಲುಗಳು, ಮೇಸ್ತ್ರಿಗಳು ‘ವಾಟ’ವೆಂದು ಕರೆಯುವ ನೆಲದ ಇಳಿಜಾರು, ಇವೆಲ್ಲ ಕೆಲಸ ಮುಗಿದ ಮರುದಿನವೇ ಮರೆಯಾಗುತ್ತವೆ. ತಪ್ಪಾಗಿದ್ದರೆ ಮುಂದಿನ ಮಳೆಗಾಲದ ಹೊತ್ತಿಗೆ ತಾವಾಗಿ ಪ್ರಕಟವಾಗುತ್ತವೆ.

ಆದುದರಿಂದ ಬೆಲೆ ಕಟ್ಟುವವನಿಗೆ ಮೊದಲು ಬೇಕಾದುದು ಅಳತೆ. ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು 1906ರಲ್ಲಿ ಏಡನ್ ಪಟ್ಟಣಕ್ಕೆ ಹೋಗಿ ಅಲ್ಲಿಯ ಕುಡಿಯುವ ನೀರು ಮತ್ತು ಒಳಚರಂಡಿಯ ಯೋಜನೆಯನ್ನು ಸಿದ್ಧಪಡಿಸಿಕೊಟ್ಟರು. ಪಟ್ಟಣದ ಚರಂಡಿಯಾಗಲಿ, ಐದಡಿ ಅಗಲದ ಬಚ್ಚಲಾಗಲಿ, ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಅವೇ. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗಬೇಕು, ನಡುವೆ ಎಷ್ಟು ಇಳಿಜಾರು ಸಿಗುತ್ತದೆ? ಇವು ಇತ್ಯರ್ಥವಾದ ಮೇಲೆ ಹಣದ ಮಾತು.

ಅಳತೆ ಮೊದಲು, ಬೆಲೆ ಆಮೇಲೆ

ಮಹಡಿಯ ಮೇಲಿನ ಒಂದು ಸಾಧಾರಣ ಬಚ್ಚಲನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಉದ್ದ 8 ಅಡಿ, ಅಗಲ 5 ಅಡಿ. ಗೋಡೆಗೆ 7 ಅಡಿ ಎತ್ತರದವರೆಗೆ ಟೈಲ್ಸು. ಸುತ್ತಳತೆ 26 ಅಡಿ. ಗೋಡೆಯ ಒಟ್ಟು ವಿಸ್ತೀರ್ಣ 182 ಚದರಡಿ. ಎರಡೂವರೆ ಅಡಿ ಅಗಲದ ಬಾಗಿಲಿನ ಹದಿನೇಳೂವರೆ ಚದರಡಿಯನ್ನು ಕಳೆದರೆ ಉಳಿಯುವುದು ನೂರ ಅರವತ್ತನಾಲ್ಕೂವರೆ. ಕತ್ತರಿಸುವಾಗ ಒಡೆಯುವುದು, ಮೂಲೆಗೆ ತುಂಡಾಗುವುದು ಎಂದು ನೂರಕ್ಕೆ ಹತ್ತು ಸೇರಿಸಿದರೆ 181 ಚದರಡಿ. ಒಂದು ಅಡಿಗೆ ಒಂದೂವರೆ ಅಡಿಯ ಬಿಲ್ಲೆಯಾದರೆ 121 ಬಿಲ್ಲೆ ಬೇಕು. ಪೆಟ್ಟಿಗೆಗೆ 6 ಬಿಲ್ಲೆ ಬರುವುದಾದರೆ 20 ಪೆಟ್ಟಿಗೆ ಸಾಲದು. ಅಂಗಡಿಯವನು ಪೆಟ್ಟಿಗೆ ಒಡೆದು ಕೊಡುವುದಿಲ್ಲವಾದ್ದರಿಂದ 21 ಕೊಳ್ಳಬೇಕು. ನೆಲಕ್ಕೆ ಒಂದಡಿ ಚೌಕದ, ಜಾರದ ಬಿಲ್ಲೆ 44. ಈ ಬಿಲ್ಲೆಗಳು ಬಹುಮಟ್ಟಿಗೆ ಗುಜರಾತಿನ ಮೋರ್ಬಿಯಿಂದ ಬರುವಂತಹವು. ಒಂದು ಪೆಟ್ಟಿಗೆ ಕಡಿಮೆಯಾಗಿ ತಿಂಗಳ ನಂತರ ಹುಡುಕಿಕೊಂಡು ಹೋದರೆ ಅದೇ ಹೆಸರಿನ ಬಿಲ್ಲೆ ಬೇರೆ ಛಾಯೆಯಲ್ಲಿ ದೊರೆಯುತ್ತದೆ. ಗೋಡೆಯ ಮೇಲೆ ತೇಪೆ ಹಾಕಿದಂತೆ ಕಾಣುತ್ತದೆ.

ಇಲ್ಲಿಯವರೆಗಿನ ಲೆಕ್ಕವನ್ನು ಶಾಲೆಯ ಹುಡುಗನೂ ಮಾಡಬಲ್ಲ. ಕಸುಬುದಾರನ ಅನುಭವ ತಿಳಿಯುವುದು ಅವಶೇಷದ ಲೆಕ್ಕದಲ್ಲಿ. ಹಳೆಯ ಬಿಲ್ಲೆಯನ್ನೂ ಅದರ ಹಿಂದಿನ ಗಾರೆಯನ್ನೂ ಸೇರಿಸಿ ಎರಡಂಗುಲ ದಪ್ಪವೆಂದು ಹಿಡಿದರೆ, ಗೋಡೆ ಮತ್ತು ನೆಲ ಎರಡರಿಂದ 34 ಘನ ಅಡಿ ಒಡೆಯಬೇಕಾಗುತ್ತದೆ. ಒಡೆದದ್ದು ಒಂದೂವರೆಯಷ್ಟು ಉಬ್ಬಿ 51 ಘನ ಅಡಿಯಾಗುತ್ತದೆ. ಸಿಮೆಂಟಿನ ಖಾಲಿ ಚೀಲದಲ್ಲಿ ಒಬ್ಬ ಆಳು ಹೊರಬಹುದಾದದ್ದು ಸುಮಾರು ಒಂದು ಘನ ಅಡಿ. ಎಂದರೆ ಐವತ್ತು ಮೂಟೆ! ಇವನ್ನು ಮಹಡಿಯ ಮೆಟ್ಟಿಲಿನಿಂದ, ನಡುಮನೆಯ ಮೂಲಕ, ಬೀದಿಗೆ ಇಳಿಸಿ, ಅಲ್ಲಿಂದ ಗಾಡಿಯಲ್ಲಿ ಸಾಗಿಸಬೇಕು. ಅನೇಕ ಮೇಸ್ತ್ರಿಗಳು ಈ ಬಾಬತ್ತನ್ನು ಬರೆಯುವುದೇ ಇಲ್ಲ. ಬರೆಯದೆ ಬಿಟ್ಟ ಐವತ್ತು ಮೂಟೆಗಳನ್ನು ಕೊನೆಗೆ ಯಾರೋ ಒಬ್ಬರ ಬೆನ್ನು ಕೂಲಿಯಿಲ್ಲದೆ ಹೊರುತ್ತದೆ, ಅಥವಾ ಅವು ಊರಾಚೆಯ ಕೆರೆಯಂಗಳವನ್ನು ಸೇರುತ್ತವೆ.

ಲಕ್ಷ ರೂಪಾಯಿಯ ಪಟ್ಟಿ

ಈಗ ಹಣಕ್ಕೆ ಬರೋಣ. ಕೆಳಗಿನ ಅಂಕಿಗಳು ಲೆಕ್ಕದ ಸೌಕರ್ಯಕ್ಕಾಗಿ ಹಿಡಿದವು. ದರವು ಊರಿನಿಂದ ಊರಿಗೆ, ಸಾಮಾನಿನಿಂದ ಸಾಮಾನಿಗೆ ಬದಲಾಗತಕ್ಕದ್ದು. ಗಮನಿಸಬೇಕಾದುದು ಹಂಚಿಕೆಯನ್ನು.

ಒಡೆದು ಮೂಟೆ ಸಾಗಿಸುವುದಕ್ಕೆ 9,000 ರೂಪಾಯಿ. ಕೊಳವೆಗಳು, ನೆಲದ ಟ್ರ್ಯಾಪು, ಅವುಗಳ ಕೂಲಿ 16,000. ನೀರು ತಡೆಯುವ ಲೇಪ ಮತ್ತು ವಾಟ 10,000. ಸಿಮೆಂಟು, ಮರಳು, ಗಾರೆಯ ಕೂಲಿ 9,000. ಟೈಲ್ಸಿನ ಬೆಲೆ, ಸಾಗಣೆ 14,000. ಅವನ್ನು ಕೂರಿಸುವ ಕೂಲಿ 12,000. ಕಮೋಡು, ಕೈತೊಳೆಯುವ ಬೇಸಿನ್ನು, ನಲ್ಲಿಗಳು 20,000. ವಿದ್ಯುತ್ ಕೆಲಸ, ಬಾಗಿಲು 10,000. ಒಟ್ಟು 1,00,000 ರೂಪಾಯಿ.

ಈ ಪಟ್ಟಿಯ ಮೊದಲ ನಾಲ್ಕು ಬಾಬತ್ತುಗಳನ್ನು ಕೂಡಿಸಿದರೆ 44,000 ಆಗುತ್ತದೆ. ಇಷ್ಟು ಹಣ ಖರ್ಚಾದ ಮೇಲೂ ನೆಂಟರಿಗೆ ಕರೆದು ತೋರಿಸುವಂತಹದು ಒಂದೂ ಇರುವುದಿಲ್ಲ. ಮನೆಯವರು ಅಂಗಡಿಯಲ್ಲಿ ಗಂಟೆಗಟ್ಟಲೆ ನಿಂತು ಆರಿಸುವ ಬಿಲ್ಲೆ, ನಲ್ಲಿ, ಬೇಸಿನ್ನುಗಳೆಲ್ಲ ಸೇರಿ 34,000. ಕೆಲಸವು ಹತ್ತು ವರ್ಷ ಬಾಳುವುದೂ ಎರಡು ವರ್ಷಕ್ಕೆ ಸೋರುವುದೂ ಆ ನಲವತ್ತನಾಲ್ಕು ಸಾವಿರದ ಮೇಲೆ ನಿಂತಿದೆ.

ಶೇಕಡಾ ಇಪ್ಪತ್ತರ ತೊಡಕು

ಒಂದು ಲಕ್ಷವೆಂಬುದು ಮೇಸ್ತ್ರಿಯ ಖರ್ಚು. ಅದರ ಮೇಲೆ ಅವನ ಸಂಪಾದನೆ ಬರಬೇಕು. ಆ ಸಂಪಾದನೆಯಲ್ಲಿ ಲಾಭ ಮಾತ್ರವಲ್ಲದೆ, ಕತ್ತರಿಸುವ ಯಂತ್ರದ ಸವಕಳಿ, ಗಾಡಿಯ ಪೆಟ್ರೋಲು, ದರ ಕೇಳಿ ಕೆಲಸ ಕೊಡದೆ ಹೋದ ನಾಲ್ಕು ಮನೆಗಳಿಗಾಗಿ ಕಳೆದ ದಿನಗಳು, ಮುಗಿದ ಕೆಲಸದಲ್ಲಿ ಏನೋ ಕೆಟ್ಟಿತೆಂದು ಮತ್ತೆ ಬಂದು ಹೋಗುವ ಖರ್ಚು, ಇವೆಲ್ಲ ಅಡಗಿವೆ. ನೂರಕ್ಕೆ ಇಪ್ಪತ್ತು ಉಳಿದರೆ ಸಂಸಾರ ಸಾಗುತ್ತದೆಂದು ಅವನ ಎಣಿಕೆಯೆನ್ನೋಣ. ಅವನು ಲಕ್ಷಕ್ಕೆ ಇಪ್ಪತ್ತು ಸಾವಿರ ಸೇರಿಸಿ 1,20,000 ಎನ್ನುತ್ತಾನೆ. ಇಲ್ಲಿಯೇ ಮೊದಲನೆಯ ತಪ್ಪು. ಕೈಗೆ ಬರುವ 1,20,000ದಲ್ಲಿ 20,000ವೆಂದರೆ ನೂರಕ್ಕೆ ಹದಿನಾರು ಚಿಲ್ಲರೆ ಮಾತ್ರ. ಬಂದ ಹಣದಲ್ಲಿ ನೂರಕ್ಕೆ ಇಪ್ಪತ್ತು ಉಳಿಯಬೇಕಾದರೆ ಲಕ್ಷವನ್ನು ಎಂಬತ್ತರಿಂದ ಭಾಗಿಸಿ ನೂರರಿಂದ ಗುಣಿಸಬೇಕು, ಉತ್ತರ 1,25,000. ಹರೆಯದ ಮೇಸ್ತ್ರಿಗಳು ಅನೇಕರು ವರ್ಷವಿಡೀ ದುಡಿದೂ ‘ಎಲ್ಲಿ ಹೋಯಿತೋ ತಿಳಿಯದು’ ಎನ್ನುವ ಹಣ ಈ ಐದು ಸಾವಿರಗಳಲ್ಲಿ ಹೋಗಿರುತ್ತದೆ.

ಎರಡನೆಯ ಪ್ರಸಂಗ ಜಗಲಿಯ ಮೇಲೆ ನಡೆಯುವಂತಹದು. ಮನೆಯವರು ಕಾಫಿ ಕೊಟ್ಟು, “ಹತ್ತು ಪರ್ಸೆಂಟಾದರೂ ಬಿಡಿ ಮೇಸ್ತ್ರಿ, ನಮ್ಮ ಭಾವನವರ ಮನೆ ಕೆಲಸವನ್ನೂ ನಿಮಗೇ ಕೊಡಿಸುತ್ತೇವೆ” ಎನ್ನುತ್ತಾರೆ. ಹತ್ತು ಎಂಬುದು ಕೇಳುವುದಕ್ಕೆ ಸಣ್ಣ ಅಂಕಿ. ಆದರೆ 1,20,000ಕ್ಕೆ ನೂರಕ್ಕೆ ಹತ್ತು ಎಂದರೆ 12,000. ಅದು ಹೋಗುವುದು ಅವನ ಇಪ್ಪತ್ತು ಸಾವಿರದಿಂದ. ಸಂಪಾದನೆಯಲ್ಲಿ ನೂರಕ್ಕೆ ಅರವತ್ತು ಅಳಿಸಿಹೋಗಿ ಉಳಿಯುವುದು ಎಂಟು ಸಾವಿರ. ಕೆಲಸವಿಲ್ಲದ ತಿಂಗಳಿನಲ್ಲಿ, ಮಕ್ಕಳ ಶಾಲೆಯ ಶುಲ್ಕ ಕಟ್ಟಬೇಕಾದ ಹೊತ್ತಿನಲ್ಲಿ, ಅವನು ಒಪ್ಪಿಕೊಳ್ಳುತ್ತಾನೆ.

ಒಪ್ಪಿದವನು ಕಳೆದುಕೊಂಡ ಹನ್ನೆರಡು ಸಾವಿರವನ್ನು ಎಲ್ಲಿಂದ ತರಬೇಕು? ಟೈಲ್ಸನ್ನು ಮನೆಯವರೇ ಆರಿಸಿದ್ದಾರೆ. ನಲ್ಲಿಯ ಪೆಟ್ಟಿಗೆ ಅವರೆದುರಿಗೇ ಬಿಚ್ಚುತ್ತದೆ. ಕಡಿತಮಾಡಲು ಸಾಧ್ಯವಿರುವುದು ಕಾಣದ ಬಾಬತ್ತುಗಳಲ್ಲಿ ಮಾತ್ರ. ಮೇಲಿನ ಪಟ್ಟಿಯಲ್ಲಿ ನೀರು ತಡೆಯುವ ಲೇಪಕ್ಕೂ ವಾಟಕ್ಕೂ ಬರೆದ ಮೊತ್ತ 10,000. ಜಗಲಿಯ ಮೇಲೆ ಗೆದ್ದ ಚೌಕಾಶಿ ಆ ಇಡೀ ಬಾಬತ್ತಿಗಿಂತ ಎರಡು ಸಾವಿರ ದೊಡ್ಡದು. ಎಲ್ಲ ಮೇಸ್ತ್ರಿಗಳೂ ಹೀಗೆ ಮಾಡುತ್ತಾರೆಂದಲ್ಲ. ಎಂಟು ಸಾವಿರಕ್ಕೇ ಅಚ್ಚುಕಟ್ಟಾಗಿ ಮುಗಿಸಿ ಸಾಲದಲ್ಲಿ ಬೀಳುವ ಪ್ರಾಮಾಣಿಕರೂ ಇದ್ದಾರೆ. ಮೂರು ಸುತ್ತಿನ ಲೇಪ ಒಂದು ಸುತ್ತಾದರೆ ತಿಳಿಯುವವರು ಯಾರು ಎಂದುಕೊಳ್ಳುವವರೂ ಇದ್ದಾರೆ. ತಿಳಿಯುವುದು ಅಡಿಗೆಮನೆಯ ತಾರಸಿಗೆ.

ಒಡೆದ ಮೇಲೆ ಕಾಣುವುದು

ಎಷ್ಟೇ ಅನುಭವಿಯಾದರೂ ಗೋಡೆಯೊಳಗಿನದನ್ನು ಪೂರ್ತಿ ಊಹಿಸಲಾರ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಬಹುಕಾಲದಿಂದ ಜನರ ಆಸರೆ ಆಳವಾದ ಕೊಳವೆಬಾವಿ. ಅದರ ಗಡಸು ನೀರು ಹಳೆಯ ಕಬ್ಬಿಣದ ಕೊಳವೆಯ ಒಳಗೆ ಸುಣ್ಣದಂತೆ ಗಟ್ಟಿಕಟ್ಟಿ ದಾರಿಯನ್ನು ಕಿರಿದುಮಾಡುತ್ತದೆ. ಗೀಸರಿನ ಒಳಗೂ, ಷವರಿನ ಕಣ್ಣುಗಳಲ್ಲೂ ಅದೇ ಕಥೆ. ಗೋಡೆಯ ಹಳೆಯ ಕೊಳವೆಯನ್ನು ಹಾಗೆಯೇ ಬಿಟ್ಟು ಬೆಲೆಬಾಳುವ ಷವರನ್ನು ಕೂರಿಸಿದರೆ ನೀರು ನೂಲಿನಂತೆ ಇಳಿಯುತ್ತದೆ; ದೂರು ಮಾತ್ರ ಮೇಸ್ತ್ರಿಯ ಮೇಲೆ.

ಇದಕ್ಕೆ ಪರಿಹಾರವೆಂದರೆ ಅಂದಾಜನ್ನೂ ಖಚಿತ ದರವನ್ನೂ ಬೇರ್ಪಡಿಸುವುದು. ಕಾಣುವ ಕೆಲಸಕ್ಕೆ ಖಚಿತ ದರ. ಕಾಣದ ಕೆಲಸಕ್ಕೆ ‘ಒಡೆದು ನೋಡಿದ ಮೇಲೆ ನಿರ್ಧರಿಸತಕ್ಕದ್ದು’ ಎಂದು ಬರೆದು, ಅಡಿಗೆ ಇಷ್ಟು, ದಿನಕ್ಕೆ ಇಷ್ಟು ಎಂಬ ದರವನ್ನು ಮುಂಚಿತವಾಗಿಯೇ ಗೊತ್ತುಮಾಡಿಕೊಳ್ಳುವುದು. ಆಗ ಗೋಡೆ ಒಡೆದ ದಿನ ಹೊಸದಾಗಿ ಜಗಳ ಹುಟ್ಟುವುದಿಲ್ಲ. ಮನೆಯವರ ಮನಸ್ಸು ಬದಲಾದುದಕ್ಕೂ ಇದೇ ನಿಯಮ. ಅರ್ಧ ಕೂರಿಸಿದ ಮೇಲೆ “ಈ ಬಣ್ಣ ಬೇಡ” ಎಂದರೆ ಬಿಲ್ಲೆಯ ಬೆಲೆಯಷ್ಟೇ ಹೋಗುವುದಿಲ್ಲ. ಮೇಸ್ತ್ರಿಗೆ ದಿನಕ್ಕೆ 1,000, ಆಳಿಗೆ 700 ಎಂದು ಹಿಡಿದರೂ ನಾಲ್ಕು ದಿನದ ತಡಕ್ಕೆ 6,800 ರೂಪಾಯಿ ಕೂಲಿಯೇ ಆಗುತ್ತದೆ.

ಮುಚ್ಚಿಡಬಾರದ ಬಾಬತ್ತು ಇನ್ನೊಂದಿದೆ. ಶೌಚದ ಕೊಳವೆ ಹಳೆಯ ಗುಂಡಿಯನ್ನು ಸೇರುವ ಮನೆಗಳಲ್ಲಿ ಆ ಗುಂಡಿಯನ್ನು ಬರಿದುಮಾಡದೆ ಕೆಲಸ ಸಾಗದಿರಬಹುದು. ಇದಕ್ಕೆ ಯಂತ್ರದ ವಾಹನವನ್ನು ಕರೆಸತಕ್ಕದ್ದು. ರಕ್ಷಣೆಯ ಸಲಕರಣೆಯಿಲ್ಲದೆ ಮನುಷ್ಯನನ್ನು ಗುಂಡಿಗೆ ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಗುಂಡಿಯ ವಿಷವಾಯು ಕೆಲವೇ ನಿಮಿಷಗಳಲ್ಲಿ ಪ್ರಾಣ ತೆಗೆಯುವಂತಹದು. ದರಪಟ್ಟಿಯಲ್ಲಿ ಈ ವೆಚ್ಚ ಕಾಣದಿದ್ದರೆ “ಇದನ್ನು ಹೇಗೆ ಮಾಡಿಸುತ್ತೀರಿ?” ಎಂದು ಕೇಳಬೇಕಾದುದು ಮನೆಯ ಯಜಮಾನನ ಧರ್ಮ.

ಬಾಯಿಮಾತು, ಬರೆದ ಮಾತು

ಚಿಂತಾಮಣಿಯ ಕಡೆ ಮಾತು ಕನ್ನಡದಲ್ಲಿ ಆರಂಭವಾಗಿ ತೆಲುಗಿನಲ್ಲಿ ಮುಂದುವರಿದು ಉರ್ದುವಿನಲ್ಲಿ ಮುಗಿಯುವುದೂ ಉಂಟು. ಮೂರು ಭಾಷೆಯಲ್ಲಿ ಆಡಿದ ಮಾತನ್ನು ಮೂವರು ಮೂರು ಬಗೆಯಾಗಿ ನೆನಪಿಟ್ಟುಕೊಳ್ಳುತ್ತಾರೆ. ಬಾಯಿಮಾತಿನ ಒಪ್ಪಂದಕ್ಕೂ 1872ರ ಕರಾರು ಕಾಯಿದೆಯಲ್ಲಿ ಬೆಲೆಯಿದೆ. ಆದರೆ ಅದನ್ನು ಸಾಬೀತು ಮಾಡುವುದು ಸುಲಭವಲ್ಲ. ಒಂದು ಹಾಳೆ ಸಾಕು. ಯಾವ ಕೆಲಸ ಸೇರಿದೆ, ಯಾವುದು ಸೇರಿಲ್ಲ, ಸಾಮಾನು ಯಾರದು, ಕೊಳವೆ, ಲೇಪಗಳ ಹೆಸರು, ದರ್ಜೆ, ಎಷ್ಟು ದಿನದ ಕೆಲಸ, ಹಣದ ಕಂತು, ಸೋರಿದರೆ ಎಷ್ಟು ಕಾಲ ಯಾರ ಹೊಣೆ. ಸಾಮಾನನ್ನು ಮನೆಯವರೇ ತಂದುಕೊಟ್ಟು ಬರಿಯ ಕೂಲಿ ಗುತ್ತಿಗೆ ಕೊಡುವುದಾದರೆ, ಬಿಲ್ಲೆ ಕಡಿಮೆ ಬಿದ್ದಾಗ ಖಾಲಿ ಕುಳಿತ ದಿನದ ಕೂಲಿ ಯಾರದೆಂಬುದನ್ನೂ ಬರೆಯಬೇಕು.

ತೆರಿಗೆಯ ಮಾತೂ ಸ್ಪಷ್ಟವಾಗಿರಲಿ. ವರ್ಷದ ವಹಿವಾಟು 20 ಲಕ್ಷ ರೂಪಾಯಿ ಮೀರದ ಮೇಸ್ತ್ರಿಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯ ಕಡ್ಡಾಯವಿಲ್ಲ; ನೋಂದಣಿಯಿಲ್ಲದವನು ತೆರಿಗೆಯೆಂದು ಹಣ ಕೇಳುವಂತಿಲ್ಲ. ನೋಂದಣಿಯಾದ ಗುತ್ತಿಗೆದಾರ ಸಾಮಾನು ಸಹಿತ ಕೆಲಸಕ್ಕೆ ಸಾಮಾನ್ಯವಾಗಿ ನೂರಕ್ಕೆ 18 ಸೇರಿಸುತ್ತಾನೆ. 1,25,000ಕ್ಕೆ ಅದು 22,500 ರೂಪಾಯಿ. ಇದನ್ನು ನೋಡದೆ ಎರಡು ದರಪಟ್ಟಿಗಳನ್ನು ಹೋಲಿಸುವುದು ವ್ಯರ್ಥ. ದರ ಎಷ್ಟು ದಿನ ಊರ್ಜಿತವೆಂಬುದನ್ನೂ ಬರೆಯಿಸಬೇಕು. ಸಾಮಾನಿನ ಬೆಲೆ ಏರುವುದೂ ಉಂಟು, ಇಳಿಯುವುದೂ ಉಂಟು. ಸಿಮೆಂಟಿನ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಂದು ನೂರಕ್ಕೆ 28ರಿಂದ 18ಕ್ಕೆ ಇಳಿಯಿತು.

ಕಂತುಗಳನ್ನು ದಿನಾಂಕಕ್ಕೆ ಕಟ್ಟದೆ ಕೆಲಸಕ್ಕೆ ಕಟ್ಟುವುದು ಇಬ್ಬರಿಗೂ ಕ್ಷೇಮ. ಸಾಮಾನು ಬಂದಾಗ ನೂರಕ್ಕೆ ಮೂವತ್ತು. ನೀರಿನ ಪರೀಕ್ಷೆ ಮುಗಿದಾಗ ಮೂವತ್ತು. ಟೈಲ್ಸು ಕೂರಿಸಿದಾಗ ಮೂವತ್ತು. ಕೆಲವು ವಾರ ಬಳಸಿ ನೋಡಿದ ಮೇಲೆ ಉಳಿದ ಹತ್ತು. ಇವುಗಳಲ್ಲಿ ನೀರಿನ ಪರೀಕ್ಷೆಯೇ ಮುಖ್ಯವಾದುದು. ಲೇಪ ಒಣಗಿದ ಮೇಲೆ, ಬಿಲ್ಲೆ ಹಾಕುವುದಕ್ಕೆ ಮೊದಲು, ನೆಲದ ತೂತನ್ನು ಮುಚ್ಚಿ, ಎರಡಂಗುಲ ನೀರು ನಿಲ್ಲಿಸಿ, ಗೋಡೆಯ ಮೇಲೆ ಗೆರೆ ಎಳೆದು, ಎರಡು ಹಗಲು ಎರಡು ರಾತ್ರಿ ಬಿಡಬೇಕು. ಕೆಳಗಿನ ತಾರಸಿಯಲ್ಲಿ ತೇವ ಕಾಣದೆ, ನೀರು ಗೆರೆಯಿಂದ ಹೆಚ್ಚೇನೂ ಇಳಿಯದೆ ಇದ್ದರೆ ಮುಂದಿನ ಕೆಲಸ. ಬಿಲ್ಲೆ ಕೂರಿಸಿದ ಮೇಲೆ ಒಂದು ಬಿಂದಿಗೆ ನೀರು ಸುರಿದು ವಾಟವನ್ನೂ ನೋಡಬೇಕು. ಐದಡಿಗೆ ಒಂದಂಗುಲದ ಇಳಿಜಾರಿದ್ದರೆ ನೀರು ಎಲ್ಲಿಯೂ ನಿಲ್ಲದೆ ಜಾಲರಿಯ ಕಡೆಗೆ ಹೋಗುತ್ತದೆ. ಈ ಎರಡು ಪರೀಕ್ಷೆಗಳಿಗೆ ಖರ್ಚಿಲ್ಲ, ತಾಳ್ಮೆಯೊಂದು ಬೇಕು.

ಹಾಗಾದರೆ ಗೃಹಸ್ಥರು ಚೌಕಾಶಿಯನ್ನೇ ಮಾಡಬಾರದೆ? ಅವಶ್ಯವಾಗಿ ಮಾಡಬಹುದು, ಒಟ್ಟು ಮೊತ್ತವನ್ನು ಬಿಟ್ಟು ಬಾಬತ್ತಿನ ಮೇಲೆ ಮಾಡಲಿ. ಏಳಡಿಯ ಬದಲು ಸ್ನಾನ ಮಾಡುವ ಮೂಲೆಗಷ್ಟೇ ಎತ್ತರ ಇಟ್ಟು ಉಳಿದ ಕಡೆ ನಾಲ್ಕಡಿಗೆ ಬಿಲ್ಲೆ ನಿಲ್ಲಿಸಬಹುದು. ಬೇಸಿನ್ನಿನ ಹಲಗೆಗೆ ಹೊಳೆಯುವ ಕಲ್ಲಿನ ಬದಲು ಕಡಪ ಕಲ್ಲು ಸಾಕೆನ್ನಬಹುದು. ಹಳೆಯ ಬಾಗಿಲು ಗಟ್ಟಿಯಾಗಿದ್ದರೆ ಬಣ್ಣ ಬಳಿಸಿ ಉಳಿಸಿಕೊಳ್ಳಬಹುದು. ಹೀಗೆ ಇಳಿಸಿದ ಪ್ರತಿಯೊಂದು ರೂಪಾಯಿಯೂ ಎಲ್ಲಿಂದ ಇಳಿಯಿತೆಂಬುದು ಇಬ್ಬರಿಗೂ ತಿಳಿದಿರುತ್ತದೆ. ಲೇಪ, ಕೊಳವೆ, ವಾಟಗಳನ್ನು ಮುಟ್ಟುವುದು ಬೇಡ. ಮನೆಯಲ್ಲಿ ವಯಸ್ಸಾದವರಿದ್ದರೆ ಜಾರದ ನೆಲವನ್ನೂ ಹಿಡಿದುಕೊಳ್ಳುವ ಸರಳನ್ನೂ ಬಿಡಬಾರದು. ಸರಳನ್ನು ಈಗಲೇ ಭದ್ರವಾಗಿ ನೆಡಿಸಿದರೆ ಅಲ್ಪ ಖರ್ಚು. ಅಜ್ಜಿ ಜಾರಿ ಬಿದ್ದ ಮೇಲೆ ನೆಡಿಸಲು ಹೋದರೆ ಬಿಲ್ಲೆಯನ್ನೂ ಲೇಪವನ್ನೂ ಕೊರೆಯಬೇಕಾಗುತ್ತದೆ, ಆಸ್ಪತ್ರೆಯ ಖರ್ಚು ಬೇರೆ.

ಇನ್ನು ಮೂವರು ಮೇಸ್ತ್ರಿಗಳ ದರಪಟ್ಟಿ ತರಿಸಿದಾಗ ಒಬ್ಬನದು ಉಳಿದಿಬ್ಬರಿಗಿಂತ ಮೂವತ್ತು ಸಾವಿರ ಕಡಿಮೆಯಿದ್ದರೆ ಕೂಡಲೇ ಸಂತೋಷಪಡದೆ, ಅವನನ್ನು ಕುಳ್ಳಿರಿಸಿ, ಐವತ್ತು ಮೂಟೆಗಳು ಎಲ್ಲಿ, ಲೇಪ ಎಷ್ಟು ಸುತ್ತು, ಕೊಳವೆ ಯಾವ ದರ್ಜೆಯದು ಎಂದು ಕೇಳಬೇಕು. ಉತ್ತರ ನೇರವಾಗಿ ಬಂದರೆ ಅವನಿಗೇ ಕೆಲಸ ಕೊಡಬಹುದು. ತಡವರಿಸಿದರೆ, ಆ ಮೂವತ್ತು ಸಾವಿರವನ್ನು ಮುಂದೆ ಯಾರು ಕೊಡಬೇಕಾದೀತೆಂಬುದನ್ನು ಮನೆಯವರೇ ಆಲೋಚಿಸಿ ನೋಡಲಿ.